ಪುಸ್ತಕದ ವೀರರು ಕಾರ್ಟೂನಿಗೆ ಬಂದಾಗ



ನಮ್ಮ ಸಾಲ್ಯಾಗಿನ ಸಣ್ಣ ಹುಡುಗರನ್ನ ‘ಭೀಮ ಯಾವೂರವ?’ ಅಂತ ಕೇಳಿ ನೋಡ್ರಿ. ‘ಢೋಲಕಪುರದವ’ ಅಂತಾರ. ‘ಅವನಿಗೆ ಶಕ್ತಿ ಹೆಂಗ ಬರ್ತದ?’ ಅಂದ್ರ ‘ಲಾಡು ತಿಂದ್ರ’ ಅಂತಾರ. ಹಿರಿಯರು ಇದನ್ನ ಕೇಳಿ ‘ಟಿ.ವಿ. ಹುಡುಗರನ್ನ ಕೆಡಿಸೇತಿ’ ಅಂತ ಬೈತಾರ. ಹಾಗಾದರೆ ಕಾರ್ಟೂನಿನವರು ಮಾಡಿದ್ದು ತಪ್ಪೇ? ಉತ್ತರ ಹೇಳುವ ಮೊದಲು, ಪುಸ್ತಕದ ವೀರರನ್ನು ಕಾರ್ಟೂನ್ ಮಾಡುವಾಗ ಏನು ಬದಲಾಗುತ್ತದೆ, ಯಾಕೆ ಬದಲಾಗುತ್ತದೆ ಎಂಬುದನ್ನು ನೋಡೋಣ.

1. ರೂಪದ ಬದಲಾವಣೆ

ಚಿತ್ರಕಥೆಯ ಪುಸ್ತಕದಲ್ಲಿ ಒಂದು ಚೌಕಕ್ಕೆ ಒಂದು ಚಿತ್ರ ಬರೆದರೆ ಸಾಕು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಕಾರ್ಟೂನ್ ಬರೆಯುವವರು ಬಹಳ ಸಲ ಒಂದೇ ಚಿತ್ರವನ್ನು ಎರಡೆರಡು ಸಲ ತೋರಿಸಿ 12ರಲ್ಲಿ ಮುಗಿಸುತ್ತಾರೆ. ಆದರೂ 20 ನಿಮಿಷದ ಕಥೆಗೆ ಲೆಕ್ಕ ಹಾಕಿರಿ: 20 × 60 × 12 = 14,400 ಚಿತ್ರ! ಪ್ರತಿಯೊಂದರಲ್ಲೂ ಉಡುಪಿನ ಎಲ್ಲ ಗೆರೆ ಎಳೆಯುತ್ತ ಕುಂತರೆ ಮುಗಿಯುವುದು ಯಾವಾಗ? ಅದಕ್ಕ ಗೆರೆ ಕಡಿಮೆ ಮಾಡಿ, ದೂರದಿಂದಲೇ ಗುರುತು ಸಿಗುವಂಥ ಸರಳ ಆಕಾರ ಕೊಡ್ತಾರ. ದೊಡ್ಡಾಟದಾಗ ಹಿಂದ ಕುಂತವರಿಗೂ ಕಾಣಲಿ ಅಂತ ಕಿರೀಟ, ಭುಜಕೀರ್ತಿ ದೊಡ್ಡದು ಮಾಡ್ತಾರಲ್ಲ, ಇದೂ ಹಂಗ. ಆಟಕ್ಕ ತಕ್ಕ ವೇಷ.

ಸೂಪರ್‌ಮ್ಯಾನ್ 1938ರಲ್ಲಿ ಅಮೆರಿಕದ ಪುಸ್ತಕದಲ್ಲಿ ಹುಟ್ಟಿದ. ಆಗ ಅವನಿಗೆ ಹಾರಲು ಬರುತ್ತಿರಲಿಲ್ಲ! ಸುಮಾರು 200 ಮೀಟರ್ ದೂರ ಜಿಗಿಯುತ್ತಿದ್ದ, ಅಷ್ಟೇ. 1941ರಲ್ಲಿ ಫ್ಲೈಷರ್ ಎಂಬ ಸ್ಟುಡಿಯೋದವರು ಅವನ ಕಾರ್ಟೂನ್ ಮಾಡತೊಡಗಿದರು. ಮ್ಯಾಲಿಂದ ಮ್ಯಾಲೆ ಜಿಗಿಯುವುದು ತೆರೆಯ ಮೇಲೆ ಚಂದ ಕಾಣಲಿಲ್ಲ. ಹೀಗಾಗಿ ಹಾರಿಸಿದರು. ಮುಂದೆ ಪುಸ್ತಕದಲ್ಲೂ ಅವನು ಹಾರತೊಡಗಿದ.

2. ಗುಣದ ಬದಲಾವಣೆ

ಬ್ಯಾಟ್‌ಮ್ಯಾನ್ ಕಥೆಗಳಲ್ಲಿ ಮಿಸ್ಟರ್ ಫ್ರೀಜ್ ಅಂತ ಒಬ್ಬ ಖಳ. 1959ರ ಪುಸ್ತಕದಲ್ಲಿ ಅವನು ಮಿಸ್ಟರ್ ಝೀರೋ ಎಂಬ ಹೆಸರಿನಿಂದ ಬಂದ. ಬರೇ ಹಿಮದ ಬಂದೂಕು ಹಿಡಿದ ಕಳ್ಳ. 1992ರ ಬ್ಯಾಟ್‌ಮ್ಯಾನ್ ಕಾರ್ಟೂನಿನಲ್ಲಿ ಪಾಲ್ ಡಿನಿ ಎಂಬ ಬರಹಗಾರರು ಅವನಿಗೆ ಹೊಸ ಕಥೆ ಕೊಟ್ಟರು. ಅವನ ಹೆಂಡತಿ ನೋರಾಗೆ ವಾಸಿಯಾಗದ ರೋಗ. ಔಷಧ ಸಿಗುವತನಕ ಆಕೆಯನ್ನು ಹಿಮದಲ್ಲಿ ಜೀವಂತ ಕಾಪಾಡಲು ನೋಡುತ್ತಾನೆ. ಕಂಪನಿಯ ಮಾಲೀಕ ಬಂದು ಅದನ್ನು ನಿಲ್ಲಿಸುತ್ತಾನೆ. ಆ ಗದ್ದಲದಲ್ಲಿ ಇವನ ದೇಹವೇ ಕೆಟ್ಟು, ಥಂಡಿ ಬಿಟ್ಟರೆ ಬದುಕಲಾರದಂತಾಗುತ್ತದೆ. ಈಗ ಅವನನ್ನು ನೋಡಿದರೆ ಸಿಟ್ಟಿನ ಜೋಡಿ ಮರುಕವೂ ಬರ್ತದ. ಈ ಕಂತಿನ ಬರವಣಿಗೆಗೆ ಎಮ್ಮಿ ಪ್ರಶಸ್ತಿ ಬಂತು. ಆಮೇಲೆ ಪುಸ್ತಕದವರೂ ಇದೇ ಕಥೆಯನ್ನು ಒಪ್ಪಿಕೊಂಡರು.

ಹಾರ್ಲಿ ಕ್ವಿನ್ ಎಂಬಾಕೆ ಹುಟ್ಟಿದ್ದೇ 1992ರ ಆ ಕಾರ್ಟೂನಿನಲ್ಲಿ. ಪುಸ್ತಕಕ್ಕೆ ಬಂದದ್ದು 1993ರಲ್ಲಿ. ಅಂದರೆ ಪುಸ್ತಕ ಕಾರ್ಟೂನಿಗೆ ಕೊಡ್ತದ, ಕಾರ್ಟೂನ್ ಪುಸ್ತಕಕ್ಕ ತಿರುಗಿ ಕೊಡ್ತದ. ಇದು ಕೊಡು-ಕೊಳ್ಳುವ ವ್ಯವಹಾರ.

3. ನಮ್ಮ ಅಣ್ಣಿಗೇರಿಯ ನಂಟು

ಇದೇನು ಅಮೆರಿಕದವರು ಕಂಡುಹಿಡಿದದ್ದಲ್ಲ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಪಂಪ 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆದ. ವ್ಯಾಸರ ಭಾರತದಲ್ಲಿ ದ್ರೌಪದಿಗೆ ಐವರು ಗಂಡಂದಿರು. ಪಂಪನಲ್ಲಿ ಅರ್ಜುನ ಒಬ್ಬನೇ. ಕೊನೆಗೆ ಪಟ್ಟಾಭಿಷೇಕವೂ ಧರ್ಮರಾಯನಿಗಲ್ಲ, ಅರ್ಜುನನಿಗೆ. ಯಾಕಂದ್ರ ಪಂಪ ತನ್ನ ಅರಸ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಕಥೆ ಹೇಳ್ಯಾನ. ಕಥೆ ಬದಲಾತು, ಆದರೆ ಕಾವ್ಯ ಕೆಡಲಿಲ್ಲ. ಸಾವಿರ ವರ್ಷ ದಾಟಿದರೂ ಓದುತ್ತಿದ್ದೇವೆ.

4. ಈಗ ನಮ್ಮ ಭೀಮ

‘ಛೋಟಾ ಭೀಮ್’ 2008ರಲ್ಲಿ ಶುರುವಾತು. ಮಾಡಿದವರು ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯವರು. ಇದು ಮಹಾಭಾರತದ ಕಥೆಯಲ್ಲ. ಹೆಸರು, ಬಲ, ಹಸಿವು ಇಷ್ಟನ್ನೇ ಅಲ್ಲಿಂದ ತಗೊಂಡಾರ. ಮಹಾಭಾರತದ ಭೀಮ ನಾಗಲೋಕದಲ್ಲಿ ರಸ ಕುಡಿದು ಬಲಶಾಲಿಯಾದ. ಇವನು ಲಾಡು ತಿಂದು ಆಗ್ತಾನ. ಅವನು ಏಕಚಕ್ರದಲ್ಲಿ ಬಂಡಿ ತುಂಬ ಅನ್ನ ಉಂಡು ಬಕಾಸುರನನ್ನು ಕೊಂದು ಊರನ್ನು ಉಳಿಸಿದ. ಇವನೂ ತನ್ನ ಊರನ್ನ ಕಾಯ್ತಾನ. ಇಲ್ಲಿಯವರೆಗೆ ಹೋಲಿಕೆ ಐತಿ.

ಬಿಟ್ಟುಹೋದದ್ದು ಏನು? ಭೀಮನ ದುಃಖ ಮತ್ತು ಪ್ರತಿಜ್ಞೆ. ತುಂಬಿದ ಸಭೆಯಲ್ಲಿ ದ್ರೌಪದಿಗೆ ಅವಮಾನ ಆದಾಗ ಭೀಷ್ಮ, ದ್ರೋಣರಂಥ ಹಿರಿಯರು ತಲೆ ತಗ್ಗಿಸಿ ಕುಂತಿದ್ದರು. ಆಗ ಭೀಮ ಸಿಟ್ಟಿನಿಂದ ಎದ್ದ. ಸಣ್ಣ ಮಕ್ಕಳ ಕಾರ್ಟೂನಿನಲ್ಲಿ ಇದನ್ನು ತೋರಿಸಲಾಗದು, ಒಪ್ಪುತ್ತೇನೆ. ಅದೂ ಅಲ್ಲದೆ ಧಾರಾವಾಹಿ ಮುಂದುವರಿಯಬೇಕಾದರೆ ಖಳ ಸಾಯಬಾರದು. ಕಿರ್ಮಾಡ ಸೋತು ಮತ್ತ ಬರಬೇಕು. ಭೀಮ ಎಂದೂ ದೊಡ್ಡವನಾಗಬಾರದು.

ಅದಕ್ಕ ನನ್ನ ಅಭಿಪ್ರಾಯ ಇಷ್ಟು. ಬದಲಾಯಿಸಿದ್ದು ತಪ್ಪಲ್ಲ. ಬದಲಾದದ್ದೇ ಮೂಲ ಅಂತ ತಿಳಿದು ಅಲ್ಲಿಗೇ ನಿಲ್ಲುವುದು ನಮಗೆ ನಷ್ಟ. ಢೋಲಕಪುರದ ಭೀಮನಿಂದ ನಗು ಸಿಗ್ತದ. ಅನ್ಯಾಯ ನಡೆದಾಗ ಸುಮ್ಮನೆ ಕೂಡಬಾರದು ಅನ್ನೋ ಭೀಮ ಸಿಗಬೇಕಂದ್ರ ಪುಸ್ತಕ ತೆರೀಬೇಕು, ಇಲ್ಲಾ ಅಜ್ಜಿ ಹತ್ರ ಕುಂತು ಕೇಳಬೇಕು.

ಅಭ್ಯಾಸ

ಇನ್ನು ಮುಂದೆ ಕಾರ್ಟೂನ್ ನೋಡುವಾಗ ಈ ಮೂರು ಪ್ರಶ್ನೆ ಕೇಳಿಕೊಳ್ಳಿರಿ:
ಅ) ಮೂಲದಿಂದ ಏನು ಉಳಿದಿದೆ?
ಆ) ಏನು ಬದಲಾಗಿದೆ, ಯಾಕೆ?
ಇ) ಏನು ಬಿಟ್ಟುಹೋಗಿದೆ? ಅದು ನಮಗೆ ಬೇಕೋ ಬೇಡವೋ?

ಹನುಮಂತನ ಬಗ್ಗೆ ಇರುವ ಯಾವುದಾದರೂ ಕಾರ್ಟೂನ್ ಆರಿಸಿಕೊಂಡು, ಉತ್ತರ ಬರೆದು ನಮ್ಮ ಭಿತ್ತಿಪತ್ರಿಕೆಯ ಪೆಟ್ಟಿಗೆಯಲ್ಲಿ ಹಾಕಿರಿ. ಚಲೋ ಬರೆದದ್ದನ್ನು ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.