ಇಂದಿನ ಧಮ್ಮ ಚಿಂತನೆ: ಮನಸ್ಸಿನ ನೋವಿಗೆ ಮನೆಮಾತು

 

ವಿನಯ ಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಭಿಕ್ಖುಗಳಾಗಿದ್ದ ಇಬ್ಬರು ಸಹೋದರರು ಬುದ್ಧರ ಬಳಿ ಬರುತ್ತಾರೆ. ನಾನಾ ಕುಲದವರು ತಮ್ಮ ತಮ್ಮ ಮಾತಿನಲ್ಲಿ ಹೇಳಿ ಬುದ್ಧವಚನವನ್ನು ಕೆಡಿಸುತ್ತಿದ್ದಾರೆ, ಅದನ್ನು ಛಂದಸ್ಸಿನ ಭಾಷೆಗೆ ತರೋಣ ಎನ್ನುತ್ತಾರೆ. ಬುದ್ಧರು ಒಪ್ಪಲಿಲ್ಲ. ಸ್ವಂತ ಮಾತಿನಲ್ಲೇ ಕಲಿಯಲು ಅನುಮತಿ ಕೊಟ್ಟರು.

ನಮ್ಮ ಮೊಬೈಲಿನಲ್ಲಿ ಬರುವ ಆರೋಗ್ಯದ ಬರಹ ಓದುವಾಗ ನನಗೆ ಈ ಪ್ರಸಂಗ ನೆನಪಾಗುತ್ತದೆ. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಈಗ ಮಾಹಿತಿ ಸಿಗುತ್ತದೆ. ಆದರೆ ಎಷ್ಟೋ ಸಲ ಅದರ ಧಾಟಿ ಹೀಗಿರುತ್ತದೆ: "ದೀರ್ಘಕಾಲಿಕ ವಿಷಣ್ಣ ಮನಃಸ್ಥಿತಿ, ಅನಾಸಕ್ತಿ, ನಿದ್ರಾ ವೈಪರೀತ್ಯ ಇದರ ಲಕ್ಷಣಗಳು." ಕನ್ನಡ ಎಂ.ಎ. ಮಾಡಿ ಪಾಠ ಹೇಳುವ ನನಗೆ ಇದು ತಿಳಿಯುತ್ತದೆ. ಏಳನೇ ತರಗತಿಗೆ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋಗುವ ತಮ್ಮನಿಗೆ? ಗಾರ್ಮೆಂಟ್ಸ್ ಕೆಲಸ ಮುಗಿಸಿ ರಾತ್ರಿ ಮನೆಗೆ ಬರುವ ಅಕ್ಕನಿಗೆ? ಎರಡು ಸಾಲು ಓದಿ, ಇದು ಓದಿದವರಿಗೆ ಬರುವ ಕಾಯಿಲೆ ಎಂದು ಮೊಬೈಲ್ ಕೆಳಗಿಡುತ್ತಾರೆ. ಗಾಳಿ ಸೋಕಿದೆ, ತಾಯಿತ ಕಟ್ಟಿಸು ಎನ್ನುವವನ ಕನ್ನಡ ಮಾತ್ರ ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಪಾಯ ಇರುವುದು ಇಲ್ಲಿ.

ಅದೇ ವಿಷಯವನ್ನು ಹೀಗೂ ಹೇಳಬಹುದು: "ಎರಡು ವಾರದಿಂದ ದಿನವಿಡೀ ಬೇಸರವೇ? ಮೊದಲು ಇಷ್ಟವಿದ್ದ ಕೆಲಸವೂ ಈಗ ಬೇಡವೇ? ನಿದ್ದೆ, ಊಟ ಕೆಟ್ಟಿದೆಯೇ? ಇದು ಸೋಮಾರಿತನವಲ್ಲ. ಖಿನ್ನತೆ ಎಂಬ ಕಾಯಿಲೆ ಇರಬಹುದು. ಇದಕ್ಕೆ ಚಿಕಿತ್ಸೆ ಇದೆ, ಡಾಕ್ಟರಿಗೆ ತೋರಿಸಿ." ಖಿನ್ನತೆ ಎಂಬ ಹೆಸರು ಬಿಡಬೇಕಾಗಿಲ್ಲ, ಆಸ್ಪತ್ರೆಯಲ್ಲೂ ಅದೇ ಮಾತು ಕೇಳಬಹುದು. ಪಕ್ಕದಲ್ಲೇ ಬಿಡಿಸಿ ಹೇಳಿದರೆ ಸಾಕು.

ಸುಲಭವಾಗಿದ್ದ ಮಾತ್ರಕ್ಕೆ ಎಲ್ಲವೂ ನಿಜವಲ್ಲ. ಮಾತ್ರೆ ಬಿಡಿ, ಧ್ಯಾನವೊಂದೇ ಸಾಕು ಎನ್ನುವ ಸಂದೇಶ ಎಷ್ಟೇ ಸರಳವಾಗಿದ್ದರೂ ಅದನ್ನು ಮುಂದಕ್ಕೆ ಕಳಿಸಬೇಡಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಅಪಾಯ.

ಇಂದಿನ ಅಭ್ಯಾಸ: ಇಂಥ ಬರಹ ಕಳಿಸುವ ಮೊದಲು ಮನೆಯಲ್ಲಿ ಒಬ್ಬರಿಗೆ ಓದಿ ಹೇಳಿ. ಏನು ತಿಳಿಯಿತು ಎಂದು ಅವರ ಬಾಯಲ್ಲೇ ಕೇಳಿ. ತಿಳಿಯದ ಸಾಲನ್ನು ಮನೆಮಾತಿನಲ್ಲಿ ತಿದ್ದಿ ಬರೆಯಿರಿ. ಕೆಳಗೆ ಟೆಲಿ ಮಾನಸ್ ನಂಬರ್ 14416 ಹಾಕಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದವರು ತಡಮಾಡದೆ ಕರೆ ಮಾಡಲಿ. ಓದಲು ಬಾರದವರಿಗೆ ನಾವೇ ನಂಬರ್ ಒತ್ತಿ ಫೋನ್ ಕೈಗೆ ಕೊಡೋಣ, ಪಕ್ಕದಲ್ಲಿ ಕೂರೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.