ಹಾಲು ಅಷ್ಟೇ ಇತ್ತು, ನಿಜ

ತಮ್ಮನ ಮಗಳಿಗೆ,

ಮನೆಯ ಮಾತನ್ನು ಪತ್ರಿಕೆಗೆ ಹಾಕಿದಳಲ್ಲ ಎಂದು ಮುನಿಸಿಕೊಳ್ಳಬೇಡ. ಹೆಸರು ಬರೆದಿಲ್ಲ. ಡಿ.ಎಡ್. ಮುಗಿಸಿ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಗೈಡು ಹಿಡಿದು ಕೂತವಳು ನೀನೊಬ್ಬಳೇ ಅಲ್ಲ, ಉಳಿದವರೂ ಓದಲಿ. ಅದೂ ಅಲ್ಲದೆ ಫೋನಿನಲ್ಲಿ ಹೇಳಿದರೆ ‘ಹ್ಞೂಂ ಅತ್ತೆ, ಹ್ಞೂಂ ಅತ್ತೆ’ ಅಂತ ಇಟ್ಟುಬಿಡುತ್ತೀಯ.

ಹೋದ ಭಾನುವಾರ ನಿಮ್ಮ ಮನೆಯಲ್ಲಿ ನಡೆದದ್ದು ನಿನಗೆ ಮರೆತೇ ಹೋಗಿರಬೇಕು. ನಡುಮನೆಯಲ್ಲಿ ಗೋಡೆಗೆ ಒರಗಿಕೊಂಡು, ಮಕ್ಕಳ ಬುದ್ಧಿ ಬೆಳೆಯುವ ಬಗ್ಗೆ ಪಿಯಾಜೆ ಹೇಳಿದ ಹಂತಗಳನ್ನು ಉರು ಹೊಡೆಯುತ್ತಿದ್ದೆ. ಹುಟ್ಟಿನಿಂದ 2 ವರ್ಷ ಒಂದು ಹಂತ, 2ರಿಂದ 7 ಇನ್ನೊಂದು, 7ರಿಂದ 11 ಮತ್ತೊಂದು. ಅಡುಗೆಮನೆಯಲ್ಲಿ ನಿಮ್ಮತ್ತಿಗೆ ಮಕ್ಕಳಿಬ್ಬರಿಗೂ ಹಾಲು ಕೊಟ್ಟಳು. ದೊಡ್ಡವಳಿಗೆ ಉದ್ದನೆಯ ಲೋಟ, ಚಿಕ್ಕವನಿಗೆ ಆರಲಿ ಅಂತ ಅಗಲದ ಬಟ್ಟಲು. ನಾಲ್ಕೂವರೆ ವರ್ಷದ ಕೂಸು ಬಟ್ಟಲು ನೋಡಿತು, ಅಕ್ಕನ ಲೋಟ ನೋಡಿತು, ‘ನಂಗೆ ಕಮ್ಮಿ’ ಅಂತ ರಾಗ ತೆಗೆಯಿತು. ನೀನು ಗೈಡಿನಿಂದ ತಲೆ ಎತ್ತದೆ, ‘ಅಷ್ಟೇ ಇದೆ, ಸುಮ್ನೆ ಕುಡಿಯೋ’ ಎಂದು ಗದರಿದೆ. ಅವನು ಇನ್ನೂ ಜೋರು ಮಾಡಿದಾಗ ಎದ್ದು ಹೋಗಿ ಬೆನ್ನಿಗೊಂದು ಕೊಟ್ಟು ಬಂದೆ.

ಆಗ ನಿನ್ನ ತೊಡೆಯ ಮೇಲೆ ತೆರೆದಿದ್ದ ಪುಟ ಯಾವುದು ಗೊತ್ತೇನು? ನಾನು ಬಗ್ಗಿ ನೋಡಿದೆ. ಒಂದು ಉದ್ದ ಲೋಟ, ಒಂದು ಅಗಲ ಲೋಟದ ಚಿತ್ರ. ‘ಈ ಪ್ರಯೋಗ ಯಾವ ಪರಿಕಲ್ಪನೆಗೆ ಸಂಬಂಧಿಸಿದೆ?’ ಸರಿಯುತ್ತರಕ್ಕೆ ನೀನೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೆ.

ನನಗೆ ನಗು ಬರಲಿಲ್ಲ. ಯಾಕೆಂದರೆ ಇದೇ ತಪ್ಪನ್ನು ನಾನು ಸಂಬಳ ತೆಗೆದುಕೊಂಡು ಮಾಡಿದವಳು.

1986ರಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಹತ್ತಿರವೂ ಆಗಿನ ಶಿಕ್ಷಕ ತರಬೇತಿಯಾದ ಟಿ.ಸಿ.ಎಚ್.ನ ಮೊದಲ ದರ್ಜೆಯ ಸರ್ಟಿಫಿಕೇಟು ಇತ್ತು. ಮನೋವಿಜ್ಞಾನದ ಪತ್ರಿಕೆಯಲ್ಲಿ ಒಳ್ಳೆಯ ಅಂಕ. ಒಂದು ಕೋಣೆ, ನಾಲ್ಕು ತರಗತಿ, ಇಬ್ಬರು ಮೇಷ್ಟ್ರು. ಮಳೆ ಬಂದರೆ ಎಲ್ಲರೂ ಒಂದೇ ಮೂಲೆಗೆ. ಆ ಶಾಲೆಗೆ ಕೆಲವು ವರ್ಷ ಕಳೆದ ಮೇಲೆ ತರಬೇತಿ ಸಂಸ್ಥೆಯಿಂದ ಒಬ್ಬ ಉಪನ್ಯಾಸಕರು ಬಂದರು. ಒಂದನೇ ತರಗತಿಯ ಒಬ್ಬ ಹುಡುಗನನ್ನು ಕರೆದರು. ಮಗ್ಗಿ ಚೆನ್ನಾಗಿ ಒಪ್ಪಿಸುತ್ತಾನೆಂದು ನಾನೇ ಮುಂದೆ ತಳ್ಳಿದೆ. ಅವರು ಮಗ್ಗಿ ಕೇಳಲಿಲ್ಲ. ನೆಲದ ಮೇಲೆ ಹುಣಸೆ ಬೀಜಗಳನ್ನು ಏಳೇಳರಂತೆ ಎರಡು ಸಾಲು ಜೋಡಿಸಿ, ‘ಎರಡರಲ್ಲೂ ಒಂದೇ ಸಮ ಇದೆಯಾ?’ ಎಂದರು. ‘ಹ್ಞೂಂ ಸಾ’ ಅಂದ. ಒಂದು ಸಾಲನ್ನು ಬಿಡಿಬಿಡಿಯಾಗಿ ಉದ್ದಕ್ಕೆ ಎಳೆದು, ಮತ್ತೆ ಅದನ್ನೇ ಕೇಳಿದರು. ಹುಡುಗ ಒಂದು ಸಲ ನನ್ನ ಮುಖ ನೋಡಿದ. ಆಮೇಲೆ ಉದ್ದದ ಸಾಲಿನ ಮೇಲೆ ಬೆರಳಿಟ್ಟು ‘ಇದ್ರಾಗೆ ಜಾಸ್ತಿ’ ಎಂದ.

ಅವರು ಏನೋ ಬರೆದುಕೊಂಡು ಹೋದರು. ನನ್ನ ಮಾನ ಹೋಯಿತು ಅನ್ನಿಸಿತು. ಜೀಪು ತಿರುವು ದಾಟುವುದನ್ನೇ ಕಾದಿದ್ದು ಅವನ ಕಿವಿ ಹಿಂಡಿದೆ. ದಡ್ಡ ಎಂದು ತೀರ್ಮಾನಿಸಿ ಹಿಂದಿನ ಸಾಲಿಗೆ ಕಳಿಸಿದೆ. ಟಿ.ಸಿ.ಎಚ್.ನಲ್ಲಿ ನಾನೇ ಬರೆದ ಉತ್ತರ ಆಗ ನನಗೆ ನೆನಪಿಗೆ ಬರಲಿಲ್ಲ. ಪುಟ ನಂಬರು ಬೇಕಿದ್ದರೆ ಹೇಳುತ್ತಿದ್ದೆನೇನೋ.

ಎರಡು ವರ್ಷದ ಮೇಲೆ ಅದೇ ಹುಡುಗ ಸಂತೆಯಲ್ಲಿ ಸಿಕ್ಕಿದ, ತಾಯಿಯ ಪಕ್ಕ ಗೋಣಿಚೀಲ ಹಾಸಿಕೊಂಡು. ನಿಂಬೆಹಣ್ಣು ರೂಪಾಯಿಗೆ ನಾಲ್ಕು. ಹನ್ನೆರಡು ತೆಗೆದುಕೊಂಡು ಐದರ ನೋಟು ಕೊಟ್ಟೆ. ರೆಪ್ಪೆ ಬಡಿಯುವುದರೊಳಗೆ ಎರಡು ರೂಪಾಯಿ ಕೈಗಿಟ್ಟು, ಮೇಲೊಂದು ಹಣ್ಣು ಕೊಸರು ಹಾಕಿದ. ಸೋಮವಾರ ಸ್ಲೇಟಿನ ಮೇಲೆ ಐದರಲ್ಲಿ ಮೂರು ಕಳೆ ಎಂದರೆ ಬಳಪ ಕಚ್ಚುತ್ತ ಕೂತ. ಎಷ್ಟೋ ವರ್ಷದ ಮೇಲೆ ಓದಿದೆ, ಬ್ರೆಜಿಲ್ ದೇಶದ ರೆಸಿಫೆ ಊರಿನಲ್ಲಿ ಬೀದಿ ವ್ಯಾಪಾರದ ಐದು ಮಕ್ಕಳನ್ನು ಸಂಶೋಧಕರು ಹೀಗೇ ಗಮನಿಸಿದ್ದರಂತೆ. 1985ರಲ್ಲಿ ಅದು ಅಚ್ಚಾಯಿತು. ಅಂಗಡಿಯ ಮುಂದೆ ಕೇಳಿದ ಲೆಕ್ಕದಲ್ಲಿ ನೂರಕ್ಕೆ 98 ಸರಿ. ಅಂಥದೇ ಲೆಕ್ಕವನ್ನು ಬರೀ ಅಂಕಿಗಳಲ್ಲಿ ಬರೆದು ಕೈಗೆ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37. ಆ ಮಕ್ಕಳ ಕೈಗೂ ಬಳಪ ಕೊಟ್ಟು ಕೂರಿಸಿದ್ದರು, ಅಷ್ಟೆ.

ನನಗೆ ತಡವಾಗಿ ಬುದ್ಧಿ ಬಂತು. ನಲಿ–ಕಲಿ ಎಂಬ ಕಲಿಕಾ ಪದ್ಧತಿಯ ತರಬೇತಿಗೆ ಹೋದಾಗ ಪಿಯಾಜೆಯನ್ನು ಎರಡನೇ ಸಲ ಓದಿದೆ, ಈ ಸಲ ಪರೀಕ್ಷೆಗಲ್ಲ. ಸ್ವಿಟ್ಜರ್ಲೆಂಡಿನ ಆ ಮನುಷ್ಯ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆಯ ಕೆಲಸಕ್ಕೆ ಸೇರಿದಾಗ ಸರಿಯುತ್ತರ ಎಣಿಸುವುದು ಅವನಿಗೆ ಬೇಸರವಾಯಿತಂತೆ. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪುತ್ತಾರಲ್ಲ, ಯಾಕೆ ಎಂದು ಹಿಂದೆ ಬಿದ್ದ. ಮುಂದೆ ತನ್ನ ಮೂರು ಮಕ್ಕಳನ್ನು ತೊಟ್ಟಿಲಿನಿಂದಲೇ ಗಮನಿಸುತ್ತ ಬರೆದಿಟ್ಟ. ನೀನು ಉರು ಹೊಡೆಯುವ ಹಂತಗಳೆಲ್ಲ ಹುಟ್ಟಿದ್ದು ತಪ್ಪುತ್ತರಗಳಿಂದ ಮಗಳೇ. ಹಾಗಾದರೆ ನನ್ನ ಹುಡುಗ ದಡ್ಡನಲ್ಲ, ಆ ವಯಸ್ಸಿಗೆ ಉದ್ದ ಕಂಡದ್ದೇ ಜಾಸ್ತಿ ಎಂದು ಸಮಾಧಾನ ಮಾಡಿಕೊಂಡೆ.

ಆ ಸಮಾಧಾನವೂ ಪೂರ್ತಿ ನಿಲ್ಲಲಿಲ್ಲ. 1970ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತವರ ಜೊತೆಗಾರರು ಇದೇ ಸಾಲಿನ ಆಟ ಆಡಿಸಿದರು. ಆದರೆ ಸಾಲು ಕೆಡಿಸಿದ್ದು ದೊಡ್ಡವರಲ್ಲ, ಪೆಟ್ಟಿಗೆಯಿಂದ ನುಗ್ಗಿ ಬಂದ ಒಂದು ತುಂಟ ಕರಡಿ ಬೊಂಬೆ. ಆಗ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲೇ ಹೆಚ್ಚಿನವರು ‘ಎರಡೂ ಒಂದೇ’ ಎಂದರು! ದೊಡ್ಡವರು ಬೇಕೆಂದೇ ಸಾಲು ಎಳೆದು, ಕೇಳಿದ್ದನ್ನೇ ಮತ್ತೆ ಕೇಳಿದರೆ ಮಗು ಏನೆಂದುಕೊಳ್ಳಬೇಕು? ಏನೋ ಬದಲಾಗಿದೆ, ಮೊದಲು ಹೇಳಿದ್ದು ಇವರಿಗೆ ಸರಿಬರಲಿಲ್ಲ ಎಂದು ತಾನೆ? ನಮ್ಮ ಶಾಲೆಗಳಲ್ಲಂತೂ ಮೇಷ್ಟ್ರು ಎರಡನೇ ಸಲ ಕೇಳಿದರು ಅಂದರೆ ಮೊದಲಿನದು ತಪ್ಪು ಎಂದೇ ಲೆಕ್ಕ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ಹುಡುಗ ನನ್ನ ಮುಖ ನೋಡಿದ್ದು ಯಾಕೆ? ನಾನು ಒಂದಿಷ್ಟು ತಲೆ ಆಡಿಸಿದ್ದರೆ ಸಾಕಿತ್ತೇನೋ. ಅವನ ಆ ಒಂದು ಉತ್ತರವನ್ನು ನಾನು ಮೂರು ಸಲ ಓದಿದ್ದೇನೆ, ಈಗಲೂ ಪೂರ್ತಿ ತಿಳಿದಿದೆ ಎನ್ನಲಾರೆ.

ಈಗ ನಿನ್ನ ವಿಷಯ. ಧಾರವಾಡದ ಕೋಚಿಂಗಾ, ಊರ ಶಾಲೆಯ ಅತಿಥಿ ಶಿಕ್ಷಕಿ ಕೆಲಸವಾ ಎಂದು ನೀನು ಕೇಳಿದೆ. ಟಿಇಟಿ ಇಲ್ಲದೆ ಕಾಯಂ ಕೆಲಸವಿಲ್ಲ ಎನ್ನುವುದು ಖರೆ. 150 ಅಂಕಗಳಲ್ಲಿ ಶಿಶುವಿಕಾಸಕ್ಕೇ 30. ಆದರೆ ಒಂದು ಮಾತು ಕೇಳುತ್ತೇನೆ, ಆ 30ಕ್ಕಾಗಿ ಮಕ್ಕಳೇ ಇಲ್ಲದ ಕೋಚಿಂಗ್ ಕೋಣೆಯಲ್ಲಿ ನೂರಾರು ಜನರ ನಡುವೆ ಒಂದು ವರ್ಷ ಕೂರುತ್ತೀಯಾ? ಈಜು ಕಲಿಯುವುದಕ್ಕೆ ಬಾವಿಯ ಚಿತ್ರ ಬರೆಯುತ್ತಾ ಕೂರುವವರನ್ನು ನಮ್ಮಜ್ಜಿ ಏನೆಂದು ಬೈಯುತ್ತಿದ್ದಳು, ಇಲ್ಲಿ ಬರೆಯುವ ಹಾಗಿಲ್ಲ. ನಿನಗೆ ಮಗುವಿನ ಅಳು ಓದಿಗೆ ಅಡ್ಡಿ ಅನ್ನಿಸಿತಲ್ಲ, ಅದಕ್ಕೇ ನನಗೆ ಸಿಟ್ಟು. ನಾಳೆ ಮೂವತ್ತು ಮಕ್ಕಳು ಒಟ್ಟಿಗೆ ಅಡ್ಡಿಪಡಿಸುತ್ತಾರೆ, ಆಗ ಮೂವತ್ತು ಬೆನ್ನಿಗೂ ಕೊಡುತ್ತೀಯಾ?

ವೈಗೋಟ್ಸ್ಕಿಯನ್ನೂ ಬಾಯಿಪಾಠ ಮಾಡಿದ್ದೀಯ. ‘ಜನನ 1896, ಪಿಯಾಜೆ ಹುಟ್ಟಿದ ವರ್ಷವೇ, ಮರಣ 1934, ಕ್ಷಯ.’ ಮಗು ಒಂಟಿಯಾಗಿ ಮಾಡಲಾಗದ, ಆದರೆ ಪಕ್ಕದಲ್ಲಿ ಬಲ್ಲವರೊಬ್ಬರಿದ್ದರೆ ಮಾಡಬಲ್ಲ ಕೆಲಸವೆಷ್ಟೋ ಅಷ್ಟರಲ್ಲಿ ಅದರ ನಾಳೆ ಇದೆ ಎಂದವನು ಅವನು. ಇದನ್ನು ನೋಡಲು ನೀನು ರಷ್ಯಕ್ಕೆ ಹೋಗಬೇಕಿಲ್ಲ, ಯಾವುದಾದರೂ ನಲಿ–ಕಲಿ ಕೋಣೆಗೆ ಹೋಗು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಋಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ಶುರುಮಾಡಿದ್ದು ಅದು. ಮಕ್ಕಳು ನೆಲದ ಮೇಲೆ ಐದು ಗುಂಪು. ಮೇಷ್ಟ್ರ ಪೂರ್ತಿ ಸಹಾಯದ ಗುಂಪು, ಮೇಷ್ಟ್ರ ಅರೆ ಸಹಾಯದ್ದು, ಗೆಳೆಯರ ಪೂರ್ತಿ ಸಹಾಯದ್ದು, ಗೆಳೆಯರ ಅರೆ ಸಹಾಯದ್ದು, ಕೊನೆಗೆ ತಾನೇ ಕಲಿಯುವುದು. ಮನೆ ಕಟ್ಟುವಾಗ ಸಾರುವೆ ಕಟ್ಟಿ, ಗೋಡೆ ನಿಂತ ಮೇಲೆ ಒಂದೊಂದೇ ಗಳ ಬಿಚ್ಚುತ್ತಾರಲ್ಲ, ಹಾಗೆ. ನಾನು ಮೊದಲು ಇದನ್ನು ವಿರೋಧಿಸಿದವಳೇ. ಗಲಾಟೆ, ಕಾರ್ಡು ಹುಡುಕುವುದು, ದಾಖಲೆ ತುಂಬುವುದು ಎಂದು ಗೊಣಗಿದವಳೇ. ಗೊಣಗಿದ್ದರಲ್ಲಿ ಸ್ವಲ್ಪ ನಿಜವೂ ಇತ್ತು. ಆದರೆ ಒಂದು ದಿನ ಹಿಂದಿನ ಸಾಲೇ ಇಲ್ಲದ ಕೋಣೆಯಲ್ಲಿ ಕೂತಿದ್ದೇನೆ ಎಂದು ಹೊಳೆಯಿತು. ನನ್ನ ಆ ಹುಡುಗನನ್ನು ಇಲ್ಲಿ ಎಲ್ಲಿಗೆ ಕಳಿಸುತ್ತಿದ್ದೆ?

ಜಾಸ್ತಿ ಬೈದೆ. ನಿನ್ನ ವಯಸ್ಸಿನಲ್ಲಿ ನನಗೆ ಟಿಇಟಿ ಇರಲಿಲ್ಲ, ಖಾಲಿ ಹುದ್ದೆಗೆ ಇಷ್ಟು ವರ್ಷ ಕಾಯಬೇಕಾಗಿಯೂ ಇರಲಿಲ್ಲ. ಅತಿಥಿ ಶಿಕ್ಷಕಿಯ ಗೌರವಧನ ಏನೇನೂ ಸಾಲದು ಎನ್ನುವುದು ನನಗೆ ಗೊತ್ತು. ‘ಓದಿಸಿದ್ದು ಇದಕ್ಕಾ’ ಎಂದು ನಿಮ್ಮಪ್ಪ ಮುಖ ಊದಿಸುವುದೂ ಗೊತ್ತು. ನನ್ನ ತಮ್ಮನ ಹತ್ತಿರ ನಾನು ಮಾತಾಡುತ್ತೇನೆ, ಅದು ನನಗೆ ಬಿಡು. ಟಿಇಟಿ ಪಾಸಾದರೆ ಈಗ ಏಳು ವರ್ಷಕ್ಕೆ ಮುಗಿಯುವುದಿಲ್ಲ, ಜೀವನಪೂರ್ತಿ ನಡೆಯುತ್ತದೆ. ಈ ವರ್ಷವೇ ಆಗಬೇಕೆಂದು ತಲೆ ಕೆಡಿಸಿಕೊಳ್ಳಬೇಡ. ಹಗಲು ಶಾಲೆ, ಸಂಜೆ ಗೈಡು. ಹಗಲು ಕಂಡದ್ದನ್ನು ಸಂಜೆ ಓದಿದರೆ ಉರು ಹೊಡೆಯುವ ಕೆಲಸ ಅರ್ಧ ಇಳಿಯುತ್ತದೆ. ಅಷ್ಟಾಗಿಯೂ ಧಾರವಾಡಕ್ಕೇ ಹೋಗುತ್ತೇನೆಂದರೆ ಹೋಗು, ಮೊದಲ ತಿಂಗಳ ಪಿ.ಜಿ. ದುಡ್ಡು ನನ್ನ ಪೆನ್ಷನ್ನಿನಿಂದ ಕೊಡುತ್ತೇನೆ. ಮನಸ್ಸಿನಲ್ಲಿ ಬೈದುಕೊಂಡೇ ಕೊಡುತ್ತೇನೆ.

ಅದಕ್ಕೆ ಮುಂಚೆ ಒಂದು ಕೆಲಸ ಮಾಡು. ನಾಳೆ ಬೆಳಿಗ್ಗೆ ಚಿಕ್ಕವನಿಗೆ ಹಾಲು ನೀನೇ ಕೊಡು. ಬಟ್ಟಲಿನಿಂದ ಲೋಟಕ್ಕೆ, ಲೋಟದಿಂದ ಬಟ್ಟಲಿಗೆ ಅವನ ಕೈಯಲ್ಲೇ ಸುರಿಸು. ಚೆಲ್ಲುತ್ತಾನೆ, ಚೆಲ್ಲಲಿ. ಯಾವುದು ಜಾಸ್ತಿ ಎಂದು ಒಂದೇ ಸಲ ಕೇಳು. ಸರಿಯೋ ತಪ್ಪೋ ಹೇಳಬೇಡ, ‘ಹೆಂಗೆ ಗೊತ್ತಾಯ್ತು?’ ಅಂತ ಕೇಳಿ ಸುಮ್ಮನಿರು. ಅವನು ಏನಂದ ಅಂತ ಸಂಜೆ ನನಗೆ ಫೋನು ಮಾಡು.

ಇತಿ,
ನಿನ್ನ ಅತ್ತೆ