ಪಾಠಾಂತರ ಮತ್ತು ವಂಶಚಿಹ್ನೆ: ಚಿಪ್ಪುಜೀವಿಗಳ ಅಧ್ಯಯನದ ಒಂದು ನೋಟ

ಪುಣೆ ಕ್ಯಾಂಪಿನ ಶಿವಾಜಿ ಮಾರುಕಟ್ಟೆಯಲ್ಲಿ ‘ತಿಸ್ರ್ಯಾ’ ಎಂದು ಮಾರಾಟವಾಗುವ ಚಿಪ್ಪುಜೀವಿಯಂಥದನ್ನೇ ಉತ್ತರ ಕನ್ನಡದವರು ಬಳಚು ಎಂದೂ ತುಳುವರು ಮರುವಾಯಿ ಎಂದೂ ಕರೆಯುತ್ತಾರೆ. ಒಂದೇ ಹೆಸರಿನಡಿ ಹಲವು ಪ್ರಭೇದಗಳು ಸೇರಿರುವುದೂ ಉಂಟು. ಹೆಸರಾಗಲಿ ಚಿಪ್ಪಿನ ಆಕಾರವಾಗಲಿ ವಂಶವನ್ನು ಖಚಿತವಾಗಿ ಹೇಳಲಾರವು. ಆ ಕೆಲಸವನ್ನು ಇಂದು ಡಿ.ಎನ್.ಎ.ಯಲ್ಲಿರುವ ವಂಶಚಿಹ್ನೆಗಳು ಮಾಡುತ್ತವೆ.

ಈ ವಿಧಾನ ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಅಪರಿಚಿತವಲ್ಲ. ಲಿಪಿಕಾರನೊಬ್ಬನ ಸ್ಖಾಲಿತ್ಯ ಅವನ ಪ್ರತಿಯಿಂದ ಹೊರಟ ಓಲೆಗಳಲ್ಲೆಲ್ಲ ಮುಂದುವರಿಯುತ್ತದೆ. ಸಮಾನ ಸ್ಖಾಲಿತ್ಯಗಳನ್ನು ಹಿಡಿದು ಸಂಪಾದಕನು ಪ್ರತಿಗಳ ವಂಶವೃಕ್ಷವನ್ನು ರಚಿಸುತ್ತಾನೆ. ಹಾಗೆಯೇ ಡಿ.ಎನ್.ಎ.ಯ ಕೆಲವು ಸ್ಥಾನಗಳಲ್ಲಿ ಎರಡರಿಂದ ಆರು ಅಕ್ಷರಗಳ ತುಣುಕೊಂದು ಮತ್ತೆ ಮತ್ತೆ ಬರುತ್ತದೆ. ಆವರ್ತನೆಗಳ ಸಂಖ್ಯೆ ಜೀವಿಯಿಂದ ಜೀವಿಗೆ ಬೇರೆಯಾಗಿದ್ದು, ತಾಯಿತಂದೆಯರಿಂದ ಮರಿಗಳಿಗೆ ಸಾಗುತ್ತದೆ. ಇವೇ ಇಲ್ಲಿನ ಪಾಠಾಂತರಗಳು.

ಒಂದು ನಿದರ್ಶನವನ್ನು ನೋಡಬಹುದು. 1819ರಲ್ಲಿ ಲಾಮಾರ್ಕ್ ಹೆಸರಿಸಿದ ‘ಪೋರ್ಚುಗೀಸ್ ಸಿಂಪಿ’ಯನ್ನು ಬಹುಕಾಲ ಯುರೋಪಿನದೆಂದೇ ಭಾವಿಸಲಾಗಿತ್ತು. 1998ರಲ್ಲಿ ಪ್ರಕಟವಾದ ಡಿ.ಎನ್.ಎ. ಅಧ್ಯಯನಗಳು ಅದರ ಮೂಲವನ್ನು ತೈವಾನಿನ ಕಡಲಲ್ಲಿ ಗುರುತಿಸಿದವು.

ನಮ್ಮ ಕರಾವಳಿಗೆ ಇದರಿಂದೇನು ಪ್ರಯೋಜನ? ಕಾಸರಗೋಡಿನ ಪಡನ್ನ ಪರಿಸರದಲ್ಲಿ 1990ರ ದಶಕದಿಂದ ಮಹಿಳಾ ಸಂಘಗಳು ಹಿನ್ನೀರಿನಲ್ಲಿ ಹಗ್ಗಗಳಿಗೆ ಪಚ್ಚಿಲೆಯ ಮರಿಗಳನ್ನು ಕಟ್ಟಿ ಬೆಳೆಸುತ್ತಿವೆ. ಮರಿಗಳು ಬರುವುದು ಕಡಲಬಂಡೆಗಳಿಂದ. ಹೀಗಿರುವಾಗ ಸಾಕಿದ ಪಚ್ಚಿಲೆಗೂ ಕಾಡುಪಚ್ಚಿಲೆಗೂ ವಂಶಭೇದವಿರುವುದಿಲ್ಲ. ಚಿಹ್ನೆಗಳೂ ಅವನ್ನು ಬೇರ್ಪಡಿಸಲಾರವು. ಆದರೆ ಮರಿಗಳನ್ನು ಮರಿಕೇಂದ್ರದಲ್ಲಿ ಉತ್ಪಾದಿಸತೊಡಗಿದರೆ ಸ್ಥಿತಿ ಬದಲಾಗುತ್ತದೆ. ಒಂದು ಹೆಣ್ಣು ಲಕ್ಷಾಂತರ ಮೊಟ್ಟೆಗಳನ್ನಿಡುವುದರಿಂದ ಕೆಲವೇ ತಾಯಿತಂದೆಯರು ಇಡೀ ಬೆಳೆಗೆ ಸಾಕಾಗುತ್ತಾರೆ. ಬೆಳೆ ಹುಲುಸಾಗಿ ಕಂಡರೂ ಅದರೊಳಗಿನ ವೈವಿಧ್ಯ ಕುಗ್ಗಿರುತ್ತದೆ. ಅವುಗಳ ಸಂತಾನ ನೀರಿನಲ್ಲಿ ತೇಲಿ ಬಂಡೆಗಳನ್ನು ಸೇರಿದರೆ ಕಾಡುವಂಶವೂ ಬಡವಾಗಬಹುದು. ರೋಗವೋ ನೀರಿನ ಉಪ್ಪಿನ ಏರುಪೇರೋ ಬಂದಾಗ ತಾಳಿಕೊಳ್ಳುವವು ವಿರಳವಾಗುತ್ತವೆ.

ಈ ಕುಗ್ಗುವಿಕೆ ಕಣ್ಣಿಗೆ ಕಾಣದು. ಆದುದರಿಂದ ಮರಿಕೇಂದ್ರಗಳು ಬರುವ ಮೊದಲೇ ಕಾಡುನೆಲೆಗಳ ಚಿಹ್ನೆಗಳನ್ನು ದಾಖಲಿಸಿ, ನಿಯತಕಾಲದಲ್ಲಿ ಹೋಲಿಸಿ ನೋಡುವುದು ಅವಶ್ಯ. ರಾಮ್ಸಾರ್ ಮಾನ್ಯತೆ ಪಡೆದ ಅಘನಾಶಿನಿ ಅಳಿವೆಯ ಬಳಚಿಗೂ ಈ ಮಾತು ಸಲ್ಲುತ್ತದೆ. ಅದನ್ನು ಆರಿಸಿ ಬದುಕುವ ಕುಟುಂಬಗಳ ಅನ್ನ ಅಲ್ಲಿದೆ.

ಏಕೈಕ ಪ್ರತಿ ಉಳಿದ ಕಾವ್ಯದಲ್ಲಿ ತಪ್ಪನ್ನು ತಿದ್ದಲು ಇನ್ನೊಂದು ಪಾಠ ದೊರೆಯದು. ಆ ಸಂಕಟ ನಮಗೆ ಗೊತ್ತು. ಕಡಲಿಗೆ ಅದು ಬಾರದಿರಲಿ.